ಕರ್ನಾಟಕದ ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ನೋಟಿಸ್ ವಿರೋಧಿ ಚಳವಳಿ (೨೦೨೫)

ಕರ್ನಾಟಕದ ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ನೋಟಿಸ್ ವಿರೋಧಿ ಚಳವಳಿಯು ೨೦೨೫ರ ಜುಲೈ ತಿಂಗಳಲ್ಲಿ ನಡೆದ ಒಂದು ತೆರಿಗೆ ವಿರೋಧಿ ಚಳವಳಿ. ಯುಪಿಐ ಮೂಲಕ ಸ್ವೀಕರಿಸಿದ ಹಣದ ಮೊತ್ತವನ್ನು ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆಯು ನೋಂದಣಿಯಾಗದ ಸಾವಿರಾರು ವ್ಯಾಪಾರಿಗಳಿಗೆ ನೋಟಿಸ್ ನೀಡಿದ್ದು ಇದಕ್ಕೆ ಕಾರಣ. ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿ, ಹಾಲಿನ ಮಳಿಗೆ ಹಾಗೂ ತರಕಾರಿ ಅಂಗಡಿಗಳ ಮಾಲೀಕರು ಇದರಲ್ಲಿ ಪಾಲ್ಗೊಂಡರು. ಜುಲೈ ೨೫ರಂದು ಕರೆ ನೀಡಲಾಗಿದ್ದ ಬಂದ್, ಮುಖ್ಯಮಂತ್ರಿಗಳೊಂದಿಗಿನ ಮಾತುಕತೆಯ ಬಳಿಕ ರದ್ದಾಯಿತು. ಹಳೆಯ ಬಾಕಿಯ ವಸೂಲಿಯನ್ನು ಸರ್ಕಾರ ಕೈಬಿಟ್ಟಿತಾದರೂ ನೋಂದಣಿಯ ನಿಯಮ ಬದಲಾಗಲಿಲ್ಲ.

ಹಿನ್ನೆಲೆ

ಸರಕು ಮತ್ತು ಸೇವಾ ತೆರಿಗೆಯು ಭಾರತದಲ್ಲಿ ೨೦೧೭ರ ಜುಲೈ ೧ರಂದು ಜಾರಿಗೆ ಬಂದಿತು. ಇದಕ್ಕೂ ಒಂದು ವರ್ಷ ಮೊದಲು, ೨೦೧೬ರಲ್ಲಿ, ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಯುಪಿಐ ವ್ಯವಸ್ಥೆಯನ್ನು ಆರಂಭಿಸಿತ್ತು. ನೋಟು ರದ್ದತಿ ಮತ್ತು ಕೋವಿಡ್ ಕಾಲದ ನಂತರ ಕ್ಯೂಆರ್ ಫಲಕವು ತಳ್ಳುಗಾಡಿಗಳವರೆಗೂ ತಲುಪಿತು. ನಗದು ವ್ಯವಹಾರದಲ್ಲಿ ದಾಖಲೆಯೇ ಇಲ್ಲದೆ ನಡೆಯುತ್ತಿದ್ದ ವಹಿವಾಟು ಹೀಗೆ ಮೊದಲ ಬಾರಿಗೆ ಬ್ಯಾಂಕ್ ಖಾತೆಗಳಲ್ಲಿ ಕಾಣಿಸಿಕೊಂಡಿತು.

ಕಾನೂನಿನ ಚೌಕಟ್ಟು

ಕರ್ನಾಟಕದಲ್ಲಿ ಸರಕು ಮಾರುವವರ ವಾರ್ಷಿಕ ಒಟ್ಟು ವಹಿವಾಟು ೪೦ ಲಕ್ಷ ರೂಪಾಯಿ, ಸೇವೆ ನೀಡುವವರದು ೨೦ ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ೪೦ ಲಕ್ಷವೆಂದರೆ ದಿನಕ್ಕೆ ಸುಮಾರು ೧೧ ಸಾವಿರ ರೂಪಾಯಿಯ ಮಾರಾಟ. ಇದು ಲಾಭದ ಲೆಕ್ಕವಲ್ಲ, ಮಾರಾಟದ ಲೆಕ್ಕ.

ಹಾಲು, ತಾಜಾ ತರಕಾರಿ, ಹಣ್ಣು, ಬ್ರೆಡ್ ಮೊದಲಾದವುಗಳಿಗೆ ತೆರಿಗೆ ವಿನಾಯಿತಿ ಇದೆ. ಇಂತಹ ವಸ್ತುಗಳನ್ನು ಮಾತ್ರ ಮಾರುವವರು ಎಷ್ಟೇ ವಹಿವಾಟು ನಡೆಸಿದರೂ ನೋಂದಣಿ ಮಾಡಿಸಬೇಕಾಗಿಲ್ಲ. ಬೆಳಗಾವಿಯಿಂದ ಜಾಂಬೋಟಿ, ಚೋರ್ಲಾ ಘಾಟ್ ಮಾರ್ಗವಾಗಿ ಗೋವೆಗೆ ತಾಜಾ ತರಕಾರಿಯನ್ನಷ್ಟೇ ಕಳುಹಿಸುವ ವ್ಯಾಪಾರಿಗೂ ಇದು ಅನ್ವಯಿಸುತ್ತದೆ. ಅದೇ ವ್ಯಾಪಾರಿ ತೆರಿಗೆಯುಳ್ಳ ಸರಕನ್ನು ಹೊರರಾಜ್ಯಕ್ಕೆ ಪೂರೈಸಿದರೆ ೪೦ ಲಕ್ಷದ ಮಿತಿಯ ರಕ್ಷಣೆ ದೊರೆಯುವುದಿಲ್ಲ.

ಆದರೆ ಎರಡೂ ಬಗೆಯ ವಸ್ತುಗಳನ್ನು ಮಾರುವವರ ವಿಷಯದಲ್ಲಿ ವಿನಾಯಿತಿ ಪಡೆದ ಸರಕಿನ ಮೌಲ್ಯವೂ ಒಟ್ಟು ವಹಿವಾಟಿಗೆ ಸೇರುತ್ತದೆ. ಉದಾಹರಣೆಗೆ, ವರ್ಷಕ್ಕೆ ೩೫ ಲಕ್ಷ ರೂಪಾಯಿಯ ಹಾಲು ಹಾಗೂ ೬ ಲಕ್ಷ ರೂಪಾಯಿಯ ಬಿಸ್ಕತ್ತು ಮಾರುವ ಅಂಗಡಿಯವರು ನೋಂದಣಿ ಮಾಡಿಸಲೇಬೇಕು. ತೆರಿಗೆ ಮಾತ್ರ ಬಿಸ್ಕತ್ತಿನ ಮೇಲಷ್ಟೇ ಬೀಳುತ್ತದೆ. ಹಾಲಿನ ಮಾರಾಟದಲ್ಲಿ ಲಾಭಾಂಶ ಅಲ್ಪವಾಗಿದ್ದು ವಹಿವಾಟು ದೊಡ್ಡದಾಗಿರುವುದರಿಂದ ಈ ನಿಯಮ ಸಣ್ಣ ಮಳಿಗೆಗಳನ್ನು ಹೆಚ್ಚು ತಟ್ಟಿತು.

ವಾರ್ಷಿಕ ವಹಿವಾಟು ೧.೫ ಕೋಟಿ ರೂಪಾಯಿವರೆಗಿನ ವ್ಯಾಪಾರಿಗಳು ರಾಜಿ ತೆರಿಗೆ ಪದ್ಧತಿಯನ್ನು ಆರಿಸಿಕೊಂಡು ಶೇ ೧ರಷ್ಟು ತೆರಿಗೆ ಕಟ್ಟಬಹುದು. ಈ ಸೌಲಭ್ಯ ನೋಂದಾಯಿತರಿಗೆ ಮಾತ್ರ ಲಭ್ಯ. ಹೀಗಾಗಿ ನೋಂದಣಿಯಾಗದವರಿಗೆ ಹಿಂದಿನ ವರ್ಷಗಳ ತೆರಿಗೆಯನ್ನು ಸಾಮಾನ್ಯ ದರದಲ್ಲಿ, ಬಡ್ಡಿ ಮತ್ತು ದಂಡದೊಂದಿಗೆ ಲೆಕ್ಕ ಹಾಕುವ ಅಪಾಯವಿತ್ತು.

ನೋಟಿಸ್‌ಗಳು

ಇಲಾಖೆಯು ಪಾವತಿ ಸೇವಾ ಸಂಸ್ಥೆಗಳಿಂದ ೨೦೨೧-೨೨ರಿಂದ ೨೦೨೪-೨೫ರವರೆಗಿನ ಮಾಹಿತಿ ಪಡೆದು, ಮಿತಿ ಮೀರಿದ ಮೊತ್ತ ಸ್ವೀಕರಿಸಿಯೂ ನೋಂದಣಿ ಮಾಡಿಸದವರನ್ನು ಗುರುತಿಸಿತು. ನಾಲ್ಕು ವರ್ಷಗಳ ಬಾಕಿಯನ್ನು ಒಟ್ಟಿಗೆ ಲೆಕ್ಕ ಹಾಕಿದ್ದರಿಂದ ಹಲವು ನೋಟಿಸ್‌ಗಳಲ್ಲಿ ಲಕ್ಷಾಂತರ ರೂಪಾಯಿಯ ತೆರಿಗೆ ನಮೂದಾಗಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ೧.೬೩ ಕೋಟಿ ರೂಪಾಯಿಯ ಡಿಜಿಟಲ್ ವಹಿವಾಟಿನ ಮೇಲೆ ೨೯ ಲಕ್ಷ ರೂಪಾಯಿ ಕಟ್ಟುವಂತೆ ಬಂದ ನೋಟಿಸ್ ರಾಷ್ಟ್ರಮಟ್ಟದಲ್ಲಿ ಸುದ್ದಿಯಾಯಿತು. ಈ ಮೊತ್ತ ವಹಿವಾಟಿನ ಸುಮಾರು ಶೇ ೧೮ರಷ್ಟಾಗುತ್ತದೆ. ತಾಜಾ ತರಕಾರಿಗೆ ಇರುವ ತೆರಿಗೆ ಶೂನ್ಯ.

ಖಾತೆಗೆ ಬಂದ ಹಣವೆಲ್ಲ ಮಾರಾಟದ ಹಣವಲ್ಲ ಎಂಬುದು ವ್ಯಾಪಾರಿಗಳ ಮುಖ್ಯ ಆಕ್ಷೇಪವಾಗಿತ್ತು. ಕೈಗಡ, ಬಂಧುಗಳು ಕಳುಹಿಸಿದ ಹಣ ಹಾಗೂ ವಿನಾಯಿತಿ ಇರುವ ಸರಕಿನ ಬೆಲೆಯೂ ಅದರಲ್ಲಿ ಸೇರಿದ್ದವು. ಗ್ರಾಹಕರಿಂದ ವಸೂಲಿ ಮಾಡದ ತೆರಿಗೆಯನ್ನು ವರ್ಷಗಳ ನಂತರ ಕೈಯಿಂದ ಕಟ್ಟುವುದು ಅಸಾಧ್ಯವೆಂದೂ ಅವರು ವಾದಿಸಿದರು. ನೋಟಿಸ್ ಅಂತಿಮ ತೆರಿಗೆ ಆದೇಶವಲ್ಲ, ದಾಖಲೆಗಳೊಂದಿಗೆ ಉತ್ತರ ನೀಡಲು ಅವಕಾಶವಿದೆ ಎಂದು ಇಲಾಖೆ ತಿಳಿಸಿತು. ಹಣವನ್ನು ಯುಪಿಐ ಮೂಲಕ ಪಡೆದರೂ ನಗದಾಗಿ ಪಡೆದರೂ ತೆರಿಗೆ ಹೊಣೆ ಒಂದೇ ಎಂದೂ ಸ್ಪಷ್ಟಪಡಿಸಿತು.

ಚಳವಳಿ

ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ ಕ್ಯೂಆರ್ ಫಲಕಗಳನ್ನು ತೆಗೆದು, ನಗದು ಮಾತ್ರ ಸ್ವೀಕರಿಸುವುದಾಗಿ ಬರೆದ ಚೀಟಿಗಳನ್ನು ಅಂಟಿಸಲಾಯಿತು. ಕರ್ನಾಟಕ ಕಾರ್ಮಿಕ ಪರಿಷತ್ತು ಸೇರಿದಂತೆ ಹಲವು ಸಂಘಟನೆಗಳು ಮೂರು ದಿನಗಳ ಪ್ರತಿಭಟನೆಗೆ ಕರೆ ನೀಡಿದವು. ಜುಲೈ ೨೩ ಮತ್ತು ೨೪ರಂದು ಕಪ್ಪು ಪಟ್ಟಿ ಧರಿಸಿ ಹಾಲು ಹಾಗೂ ಹಾಲಿನ ಉತ್ಪನ್ನಗಳ ಮಾರಾಟ ನಿಲ್ಲಿಸುವುದು, ೨೫ರಂದು ಅಂಗಡಿಗಳನ್ನು ಮುಚ್ಚುವುದು ಕಾರ್ಯಕ್ರಮವಾಗಿತ್ತು.

ವಿವಾದ ರಾಜಕೀಯ ರೂಪವನ್ನೂ ಪಡೆಯಿತು. ರಾಜ್ಯದ ಆಡಳಿತ ಪಕ್ಷದ ನಾಯಕರು ಕೇಂದ್ರ ಸರ್ಕಾರವನ್ನು ಹೊಣೆಯಾಗಿಸಿದರೆ, ನೋಟಿಸ್ ನೀಡಿದ್ದು ರಾಜ್ಯದ ಇಲಾಖೆಯೇ ಎಂದು ಕೇಂದ್ರ ಸಚಿವ ಪ್ರಲ್ಹಾದ ಜೋಶಿ ಪ್ರತಿಕ್ರಿಯಿಸಿದರು. ಜಿಎಸ್‌ಟಿಯ ನಿಯಮ ಮತ್ತು ದರಗಳನ್ನು ಕೇಂದ್ರ ಹಾಗೂ ರಾಜ್ಯಗಳೆರಡೂ ಇರುವ ಜಿಎಸ್‌ಟಿ ಮಂಡಳಿ ಶಿಫಾರಸು ಮಾಡುತ್ತದೆ. ರಾಜ್ಯದೊಳಗಿನ ಮಾರಾಟದ ತೆರಿಗೆ ಇಬ್ಬರಿಗೂ ಸಮನಾಗಿ ಹಂಚಿಕೆಯಾಗುತ್ತದೆ.

ಸರ್ಕಾರದ ನಿರ್ಧಾರ

ಜುಲೈ ೨೩ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಪ್ರತಿನಿಧಿಗಳೊಂದಿಗೆ ಸಭೆ ನಡೆಸಿದರು. ವಿನಾಯಿತಿ ಇರುವ ಸರಕುಗಳನ್ನು ಮಾರುವವರಿಂದ ತೆರಿಗೆ ಪಡೆಯುವುದಿಲ್ಲ, ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲ, ಆದರೆ ಮಿತಿ ಮೀರಿದವರು ಇನ್ನು ಮುಂದೆ ನೋಂದಣಿ ಮಾಡಿಸಬೇಕು ಎಂದು ಅವರು ತಿಳಿಸಿದರು. ಇದರ ಬಳಿಕ ಬಂದ್ ಹಿಂತೆಗೆದುಕೊಳ್ಳಲಾಯಿತು. ನಿಯಮಗಳ ಅರಿವು ಮೂಡಿಸಲು ಇಲಾಖೆಯು ಜಿಎಸ್‌ಟಿ ಕುರಿತ ಕಾರ್ಯಾಗಾರಗಳನ್ನು ನಡೆಸಿತು.

ನಂತರದ ಬೆಳವಣಿಗೆಗಳು

೨೦೨೫ರ ಸೆಪ್ಟೆಂಬರ್ ೨೨ರಂದು ಜಾರಿಗೆ ಬಂದ ದರ ಪರಿಷ್ಕರಣೆಯಲ್ಲಿ ಬಿಸ್ಕತ್ತು, ಕೇಕ್ ಮೊದಲಾದವುಗಳ ತೆರಿಗೆ ಶೇ ೧೮ರಿಂದ ಶೇ ೫ಕ್ಕೆ ಇಳಿಯಿತು. ನವೆಂಬರ್ ೧ರಿಂದ ಸಣ್ಣ ವ್ಯಾಪಾರಿಗಳಿಗೆ ಮೂರು ಕೆಲಸದ ದಿನಗಳೊಳಗೆ ನೋಂದಣಿ ನೀಡುವ ಸರಳ ವಿಧಾನ ಆರಂಭವಾಯಿತು. ಇವು ದೇಶವ್ಯಾಪಿ ಸುಧಾರಣೆಗಳಾಗಿದ್ದು, ೪೦ ಲಕ್ಷ ಹಾಗೂ ೨೦ ಲಕ್ಷ ರೂಪಾಯಿಗಳ ನೋಂದಣಿ ಮಿತಿಗಳು ಹಾಗೂ ವಿನಾಯಿತಿ ಪಡೆದ ಸರಕನ್ನೂ ಒಟ್ಟು ವಹಿವಾಟಿಗೆ ಸೇರಿಸುವ ನಿಯಮ ಹಿಂದಿನಂತೆಯೇ ಉಳಿದವು.