ವೈದ್ಯರ ಆತ್ಮನಿವೇದನೆ

ಕನ್ನಡದಲ್ಲಿ ವೈದ್ಯಗ್ರಂಥಗಳಿಗೆ ಕೊರತೆಯಿಲ್ಲ. ಕೀರ್ತಿವರ್ಮನ ‘ಗೋವೈದ್ಯ’, ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ಗಳು 12ನೆಯ ಶತಮಾನದವು, ಮಂಗರಾಜನ ‘ಖಗೇಂದ್ರಮಣಿದರ್ಪಣ’ವು 14ನೆಯ ಶತಮಾನದ್ದು. ಆದರೆ ಇವೆಲ್ಲವೂ ಶಾಸ್ತ್ರಗಳು. ಮದ್ದನ್ನು ವಿಧಿಸುವುದು ಶಾಸ್ತ್ರದ ಧರ್ಮವೇ ಹೊರತು, ಮದ್ದು ಕೊಟ್ಟು ಸೋತವನ ಅಳಲನ್ನು ಹೇಳುವುದಲ್ಲ.

ವೈದ್ಯನು ತನ್ನ ತಪ್ಪನ್ನು ತಾನೇ ಬರೆದಿಟ್ಟ ನಿದರ್ಶನವು ಗ್ರೀಕರಲ್ಲಿದೆ. ಹಿಪೊಕ್ರಾಟಿಸನ ಹೆಸರಿನಲ್ಲಿರುವ ‘ಎಪಿಡೆಮಿಕ್ಸ್’ ಗ್ರಂಥದ ಐದನೆಯ ಭಾಗದಲ್ಲಿ, ತಲೆಗೆ ಕಲ್ಲೇಟು ಬಿದ್ದವನೊಬ್ಬನ ಕಪಾಲದ ಸಂಧಿರೇಖೆಯು ಗಾಯವನ್ನು ಮರೆಮಾಡಿ ತನ್ನನ್ನು ವಂಚಿಸಿತೆಂದೂ, ರೋಗಿಯು 16ನೆಯ ದಿನ ಸತ್ತನೆಂದೂ ವೈದ್ಯನು ಹೇಳಿದ್ದಾನೆ. ಮಹಾತ್ಮರಿಗೆ ಮಾತ್ರ ಇಂಥ ಒಪ್ಪಿಗೆ ಸಾಧ್ಯವೆಂದು ರೋಮಿನ ಸೆಲ್ಸಸನು ಇದನ್ನು ಕೊಂಡಾಡಿದನು. ಆದರೆ ಆ ಮಾತು ಸಹವೈದ್ಯರ ಕಿವಿಗೆ ಹೇಳಿದುದು. ಅದನ್ನೇ ಜನಸಾಮಾನ್ಯರ ಮುಂದೆ ಹೇಳಿದರೆ ಏನಾಗುವುದೆಂಬುದನ್ನು ರಷ್ಯದ ವೆರೆಸಾಯೆವನು ಕಂಡನು. 1901ರಲ್ಲಿ ಅವನ ‘ವೈದ್ಯನ ಟಿಪ್ಪಣಿಗಳು’ ಹೊರಬಿದ್ದೊಡನೆ ವೃತ್ತಿಬಾಂಧವರೇ ಅವನ ಮೇಲೆ ಕೆರಳಿದರು.

ನಮ್ಮಲ್ಲಿ ತೊಡಕು ಇನ್ನೊಂದಿದೆ. ಆತುರನ ಮನೆಯ ಸಂಗತಿಯನ್ನು ಹೊರಗೆಡಹಬಾರದೆಂದು ಚರಕನ ವಿಮಾನಸ್ಥಾನವು ಶಿಷ್ಯನಿಗೆ ವಿಧಿಸುತ್ತದೆ. ವೈದ್ಯನ ತಪ್ಪು ನಡೆಯುವುದು ರೋಗಿಯ ದೇಹದಲ್ಲಿ. ಅದನ್ನು ನುಡಿಯಹೊರಟರೆ ರೋಗಿಯ ಗುಟ್ಟೂ ಜತೆಯಲ್ಲಿಯೇ ಹೊರಬೀಳುತ್ತದೆ. ತನ್ನದನ್ನು ಒಪ್ಪಿಕೊಳ್ಳುವ ಹಕ್ಕು ಅವನಿಗುಂಟು, ಪರರದನ್ನು ಬಿಚ್ಚುವ ಹಕ್ಕಿಲ್ಲ.

ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂದಿತು. ಅಲ್ಲಿಯ ಪಾಠ ಇಂಗ್ಲಿಷಿನಲ್ಲಿ. ರೋಗಿ ನರಳುವುದು ಕನ್ನಡದಲ್ಲಿ. ಆದುದರಿಂದ ವೈದ್ಯನು ಇಂಗ್ಲಿಷಿನಲ್ಲಿ ಬರೆದರೆ ಸಹೋದ್ಯೋಗಿಗಳ ಮುಂದೆ, ಕನ್ನಡದಲ್ಲಿ ಬರೆದರೆ ರೋಗಿಯ ನಂಟರ ಮುಂದೆಯೇ ನಿಂತಂತೆ. ಈ ಭಾರವನ್ನು ಅಲ್ಪವೆಂದು ಎಣಿಸಲಾಗದು.

1942ರಲ್ಲಿ ‘ಕೊರವಂಜಿ’ಯನ್ನು ಆರಂಭಿಸಿದ ಡಾ. ಎಂ. ಶಿವರಾಂ (ರಾಶಿ) ಅವರು ಹಾಸ್ಯದಿಂದ ಮನೋವೈದ್ಯದತ್ತ ತಿರುಗಿ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅಲ್ಲಿ ಪ್ರಧಾನವಾದುದು ಪರರ ಮನಸ್ಸು. ಮೈಸೂರಿನಲ್ಲಿ ವೈದ್ಯವನ್ನು ಕಲಿತು ಧಾರವಾಡ, ಬೆಂಗಳೂರುಗಳಲ್ಲಿ ವೃತ್ತಿ ನಡೆಸಿದ ಡಾ. ಅನುಪಮಾ ನಿರಂಜನ (1934–1991) ಅವರು ಕಾದಂಬರಿಗಳಲ್ಲದೆ ‘ನೆನಪು ಸಿಹಿ-ಕಹಿ’ ಎಂಬ ಆತ್ಮಕಥನವನ್ನೂ ಬರೆದರು. ಕ್ಯಾನ್ಸರು ಅವರಿಗೇ ತಗುಲಿ, ಕಡೆಗೆ ಪ್ರಾಣವನ್ನೂ ತೆಗೆದುಕೊಂಡಿತು. ಚರಕನ ನಿಷೇಧವು ಅಡ್ಡಬಾರದ ದೇಹವೊಂದೇ: ವೈದ್ಯನ ಸ್ವಂತ ದೇಹ.