ಚೌಕಾಸಿಗೂ ಇತಿಹಾಸ ಬೇಕು

ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಕಾರ್ಡುಗಳನ್ನು ಮಾರಲು ಅಮೆರಿಕದಲ್ಲಿ ಮೇಳಗಳು ನಡೆಯುತ್ತವೆ. ಇತಿಹಾಸ ಕಲಿಸುವ ನನಗೆ ಅಲ್ಲಿನ ಚೌಕಾಸಿ ಕುತೂಹಲದ ವಿಷಯ. ನಮ್ಮ ಸೊಪ್ಪಿನವಳು ಸಂಜೆಗೆ ಬೆಲೆ ಇಳಿಸುವಂತೆ, ಮೇಳದ ಕೊನೆಯ ದಿನ ನಾಲ್ಕಾರು ಕಾರ್ಡುಗಳನ್ನು ಒಟ್ಟಿಗೆ ಕೇಳಿದರೆ ಅಲ್ಲಿನ ವ್ಯಾಪಾರಿಯೂ ಇಳಿಸುತ್ತಾನೆ. ಆದರೆ ಅಗ್ಗಕ್ಕೆ ಸಿಕ್ಕಿದ್ದೆಲ್ಲ ಲಾಭವಲ್ಲ.

1952ರ ಕಾರ್ಡುಗಳಲ್ಲಿ ಮಾರಾಟವಾಗದೆ ಉಳಿದವನ್ನು 1960ರಲ್ಲಿ ಸಮುದ್ರಕ್ಕೆ ಸುರಿಸಿದೆನೆಂದು ಟಾಪ್ಸ್ ಕಂಪನಿಯ ಸೈ ಬರ್ಗರ್ ಹೇಳಿದ್ದರು. ಆ ವರ್ಷದ್ದೇ ಮಿಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹೋಯಿತು.

ಹಳೆಯ ಕಾರ್ಡುಗಳ ಬೆಲೆ ಏರುವುದನ್ನು ಕಂಡು 1980ರ ದಶಕದ ಕೊನೆಯಲ್ಲಿ ಎಷ್ಟೋ ತಂದೆತಾಯಂದಿರು ಮಕ್ಕಳ ಓದಿಗೆಂದು ಹೊಸ ಕಾರ್ಡುಗಳನ್ನು ಕೂಡಿಟ್ಟರು. ಕಂಪನಿಗಳು ವಿಪರೀತ ಅಚ್ಚು ಹಾಕಿದ್ದರಿಂದ ಹೆಚ್ಚಿನವು ಪುಡಿಗಾಸಿಗೂ ಹೋಗಲಿಲ್ಲ. ಬೆಲೆ ಕೇಳುವ ಮೊದಲು, ಅಂಥದ್ದು ಎಷ್ಟು ಉಳಿದಿದೆಯೆಂದು ಕೇಳುವವಳೇ ಜಾಣೆ.