ಡಿಗ್ರಿ ಆದಮೇಲೆ ಮುಂದೇನು: ನಾಲ್ಕು ತಾಲ್ಲೂಕುಗಳ ಒಂದು ಹಳೆಯ ಪ್ರಶ್ನೆ

ಕಳೆದ ವರ್ಷ ನನ್ನ ಚಿಕ್ಕಪ್ಪನ ಮಗ ಬಿ.ಕಾಂ. ಕೊನೆಯ ಪರೀಕ್ಷೆ ಮುಗಿಸಿ ಪಾಂಡವಪುರದಿಂದ ಫೋನ್ ಮಾಡಿದ. ಎಂಬಿಎ ಪ್ರವೇಶದ ಪಿಜಿಸಿಇಟಿಗೆ ಅರ್ಜಿ ಹಾಕುವ ಕೊನೆಯ ದಿನ ಹತ್ತಿರ ಬರುತ್ತಿತ್ತು. ‘ಅಣ್ಣ, ಎಂಬಿಎ ಮಾಡ್ಲಾ, ಬ್ಯಾಡ್ವಾ? ನೀನೊಂದ್ ಮಾತು ಹೇಳು. ಅಪ್ಪ ನೀನು ಹೇಳ್ದಂಗೆ ಕೇಳ್ತದೆ’ ಎಂದ. ಇಪ್ಪತ್ತೆಂಟು ದಾಟಿದರೂ ಇತಿಹಾಸದ ಪಿಎಚ್‌ಡಿ ಮುಗಿಸದೆ ಕೂತಿರುವವನನ್ನು ಈ ವಿಷಯ ಕೇಳುವುದು, ಈಜು ಬಾರದವನ ಹತ್ತಿರ ಕಾವೇರಿಯ ಆಳ ವಿಚಾರಿಸಿದ ಹಾಗೆ. ಆದರೆ ಅವನಿಗೆ ಇದು ತಮಾಷೆಯಾಗಿರಲಿಲ್ಲ. ಸರ್ಕಾರಿ ಸೀಟು ಸಿಗದಿದ್ದರೆ ಎರಡು ವರ್ಷದ ಫೀಸು, ಹಾಸ್ಟೆಲು ಎಲ್ಲಕ್ಕೂ ಸಾಲ ಮಾಡಬೇಕು, ಇಲ್ಲವೇ ಕಾಲುವೆ ಪಕ್ಕದ ಹತ್ತು ಗುಂಟೆ ಮಾರಬೇಕು. ಚಿಕ್ಕಪ್ಪನಿಗೆ ಇರುವುದೇ ಒಂದೂಮುಕ್ಕಾಲು ಎಕರೆ ಕಬ್ಬು, ಜೊತೆಗೆ ಪಾಲುದಾರಿಕೆಯ ಒಂದು ಆಲೆಮನೆ.

ನಾನು ಆಗ ಶ್ರೀರಂಗಪಟ್ಟಣದ ವ್ಯಾಪಾರದ ಬಗ್ಗೆ ಒಂದು ಅಧ್ಯಾಯ ಬರೆಯುತ್ತಿದ್ದೆ. ಮೇಜಿನ ಮೇಲೆ ಇದ್ದದ್ದು ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಟಿಪ್ಪು ಸುಲ್ತಾನನ ಪತ್ರಗಳ ಸಂಪುಟ. ಅದರ ಅನುಬಂಧದಲ್ಲಿ 1793 ಮತ್ತು 1794ರ ವ್ಯಾಪಾರ ನಿಯಮಾವಳಿಗಳಿವೆ. ಮೂರನೆಯ ಮೈಸೂರು ಯುದ್ಧದಲ್ಲಿ ಸೋತು, 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಬಿಟ್ಟುಕೊಟ್ಟು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಒಪ್ಪಿಕೊಂಡು, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳಿಸಿದ ಮರುವರ್ಷವೇ ಟಿಪ್ಪು ಬರೆಸಿದ್ದು ಇದು. ‘ಮಲಿಕುತ್ತುಜ್ಜಾರ್’ ಎಂಬ ಒಂಬತ್ತು ಜನರ ವ್ಯಾಪಾರ ಮಂಡಳಿ. ರಾಜ್ಯದ ಒಳಗೂ ಹೊರಗೂ ಸರ್ಕಾರದ ಕೋಠಿಗಳು. ಕಛ್‌ನಲ್ಲಿ, ಮಸ್ಕತ್‌ನಲ್ಲಿ ಇದ್ದು ಮೈಸೂರಿನ ಶ್ರೀಗಂಧ, ಮೆಣಸು, ಏಲಕ್ಕಿ ಮಾರುವ ಗುಮಾಸ್ತರು. ಇಷ್ಟನ್ನು ಪಠ್ಯಪುಸ್ತಕಗಳೂ ಒಂದೆರಡು ಸಾಲಿನಲ್ಲಿ ಹೇಳುತ್ತವೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಠೇವಣಿಯ ನಿಯಮ. ಪ್ರಜೆಗಳು ಸರ್ಕಾರದ ವ್ಯಾಪಾರದಲ್ಲಿ ಹಣ ಹೂಡಬಹುದು. 5ರಿಂದ 500 ನಾಣ್ಯದವರೆಗೆ ಹೂಡಿದವರಿಗೆ ವರ್ಷದ ಕೊನೆಗೆ ನೂರಕ್ಕೆ 50 ಲಾಭ. 500ರಿಂದ 5,000ದವರೆಗೆ ನೂರಕ್ಕೆ 25. ಅದಕ್ಕಿಂತ ಮೇಲೆ ನೂರಕ್ಕೆ 12. ಬಡವನಿಗೆ ಹೆಚ್ಚು, ಸಾಹುಕಾರನಿಗೆ ಕಡಿಮೆ. ಇತಿಹಾಸಕಾರರು ಇದರಲ್ಲಿ ಟಿಪ್ಪುವಿನ ಸಾಮಾಜಿಕ ಕಾಳಜಿಯನ್ನು ಕಂಡಿದ್ದಾರೆ. ನಾನೂ ಅಧ್ಯಾಯದ ಕರಡಿನಲ್ಲಿ ಹಾಗೆಯೇ ಬರೆದಿದ್ದೆ.

ಮಾತು ಬದಲಿಸಲು ಇದನ್ನೇ ತಮ್ಮನಿಗೆ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು ಅವನೆಂದ: ‘ಅಣ್ಣ, ಐನೂರು ಇಟ್ಟೋನಿಗೆ ಇನ್ನೂರೈವತ್ತು. ಸಾವ್ರ ಇಟ್ಟೋನಿಗೂ ಅದೇ ಇನ್ನೂರೈವತ್ತು. ಸಾವ್ರ ಯಾರಿಡ್ತಾರೆ? ಸಾಹುಕಾರ ಹೆಂಡ್ತಿ ಹೆಸ್ರಲ್ಲಿ ಐನೂರು, ಮಗನ್ ಹೆಸ್ರಲ್ಲಿ ಐನೂರು, ಆಳಿನ್ ಹೆಸ್ರಲ್ಲಿ ಐನೂರು ಇಡ್ತಾನೆ ಅಷ್ಟೇಯ.’

ಆರು ತಿಂಗಳು ಆ ಪುಟವನ್ನು ಓದಿದವನು ನಾನು. ಆ ಲೆಕ್ಕ ನನಗೆ ಹೊಳೆದಿರಲಿಲ್ಲ. ಕರಡಿನ ಆ ವಾಕ್ಯವನ್ನು ಅಳಿಸಲಿಲ್ಲ, ಪಕ್ಕದಲ್ಲಿ ಅವನ ಮಾತನ್ನು ಬರೆದಿಟ್ಟುಕೊಂಡೆ. ಇದನ್ನು ಅವನು ಬಿ.ಕಾಂ.ನಲ್ಲಿ ಕಲಿತನೋ, ಆಲೆಮನೆಯಲ್ಲಿ ಅಪ್ಪನ ಪಕ್ಕ ಕೂತು ಕಲಿತನೋ? ಅವನ ಎಂಬಿಎ ಪ್ರಶ್ನೆಗೂ ಇದಕ್ಕೂ ಸಂಬಂಧವಿದೆ ಅನ್ನಿಸಿತು. ನಮ್ಮ ಕಡೆ ಜನ ವ್ಯಾಪಾರವನ್ನು ಎಲ್ಲಿ ಕಲಿತರು, ಆ ಕಲಿಕೆಗೆ ಯಾವಾಗಿನಿಂದ ಸರ್ಟಿಫಿಕೇಟು ಬೇಕಾಯಿತು ಎಂದು ಹುಡುಕಲು ಹೊರಟೆ.

ಟಿಪ್ಪುವಿನ ಕನಸು ಹೆಚ್ಚು ಕಾಲ ಬಾಳಲಿಲ್ಲ. 1799ರ ಮೇ 4ರಂದು ಕೋಟೆ ಬಿತ್ತು. ಅವನನ್ನು ಸೋಲಿಸಿದ್ದು ವ್ಯಾಪಾರಕ್ಕೆಂದು ಬಂದು ರಾಜ್ಯ ಕಟ್ಟಿದ ಕಂಪನಿ. ವ್ಯಾಪಾರಕ್ಕಿಳಿದ ರಾಜನನ್ನು ಕಂಡು ಕೊಂಕು ನುಡಿದವರೂ ಅದೇ ಕಂಪನಿಯ ಅಧಿಕಾರಿಗಳು. ಸಿರಾದಿಂದ ಜನರನ್ನು ತಂದು ನೆಲೆಸಿಸಿ ಕಟ್ಟಿದ್ದ ಗಂಜಾಂ ಪೇಟೆಯ ವೈಭವ ಕರಗಿತು. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷವಿತ್ತೆನ್ನುವ ದ್ವೀಪದ ಜನಸಂಖ್ಯೆ, 1800ರಲ್ಲಿ ಬುಕಾನನ್ ಬರುವ ಹೊತ್ತಿಗೆ ಸುಮಾರು 32 ಸಾವಿರಕ್ಕೆ ಇಳಿದಿತ್ತು.

ಮುಂದಿನ ದೊಡ್ಡ ಉದ್ಯಮ ಹುಟ್ಟಿದ್ದು ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯಲ್ಲಿ. 1847ರಲ್ಲಿ ಅಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಯಿತು. ರೈತರು ಮಾಡಿದ ಬೆಲ್ಲವನ್ನು ಕೊಂಡು ಸಂಸ್ಕರಿಸಿ ಸಕ್ಕರೆ ಮಾಡುವುದು ಅದರ ಕೆಲಸ. 1851ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಪಾಲಹಳ್ಳಿಯ ಸಕ್ಕರೆಗೆ ಬಹುಮಾನ ಬಂತು. ಈಗ ಆ ಊರಿನ ಮೇಲೆ ಬಸ್ಸಿನಲ್ಲಿ ಹೋಗುವ ಎಷ್ಟು ಜನಕ್ಕೆ ಇದು ಗೊತ್ತೋ! ಬೆಲ್ಲದ ಪಾಕ ಯಾವ ಹದಕ್ಕೆ ಬಂದಾಗ ಇಳಿಸಬೇಕೆಂದು ತಿಳಿದವನು ಪಾಲಹಳ್ಳಿಯ ರೈತ. ಆ ಬೆಲ್ಲ ಸಕ್ಕರೆಯಾಗಿ ಯಾವ ಬೆಲೆಗೆ ಮಾರಿತು ಎಂದು ತಿಳಿದವನು ಕಂಪನಿಯ ಸಾಹೇಬ. ಈ ಎರಡು ತಿಳಿವಳಿಕೆಗಳ ನಡುವಿನ ಅಂತರ ಇಂದಿನ ಆಲೆಮನೆಯಲ್ಲೂ ಹಾಗೇ ಇದೆ. ಮಂಡ್ಯದ ಮಂಡಿಯಲ್ಲಿ ಬೆಲ್ಲದ ದರ ಇವತ್ತು ಎಷ್ಟು ಎಂದು ಚಿಕ್ಕಪ್ಪನಿಗೆ ಗೊತ್ತು, ಏಕೆ ಅಷ್ಟು ಎಂದು ಗೊತ್ತಿಲ್ಲ. ಮುಂಗಡ ಕೊಟ್ಟ ಮಂಡಿಯವರಿಗೇ ಬೆಲ್ಲ ಹಾಕಬೇಕಾದವನಿಗೆ ಗೊತ್ತಿದ್ದೂ ಉಪಯೋಗವಿಲ್ಲ.

ಹಾಗೆಂದು ಇಲ್ಲಿಯವರಿಗೆ ವ್ಯಾಪಾರ ಬರುತ್ತಿರಲಿಲ್ಲ ಎನ್ನಲಾಗದು. ನಾಗಮಂಗಲದ ಹಿತ್ತಾಳೆ, ಕಂಚಿನ ಕೆಲಸದವರು ಹೆಸರುವಾಸಿಗಳು. ಕೆ.ಆರ್. ಪೇಟೆ ತಾಲ್ಲೂಕಿನ ತೆಂಡೇಕೆರೆ ಸಂತೆಗೋ, ಹೇಮಗಿರಿ ಜಾತ್ರೆಗೋ, ಪಾಂಡವಪುರದ ಬೇಬಿ ಬೆಟ್ಟದ ದನಗಳ ಜಾತ್ರೆಗೋ ಹೋದರೆ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುವುದನ್ನು ಕಾಣಬಹುದು. ಸುತ್ತ ನಿಂತವರಿಗೆ ಅಂಕಿ ತಿಳಿಯದು. ತಿಳಿಯಬಾರದು ಎಂಬುದೇ ಅದರ ವ್ಯವಸ್ಥೆ. ಇದನ್ನು ಯಾರೂ ಪಾಠ ಮಾಡುವುದಿಲ್ಲ. ಅಪ್ಪನ ಜೊತೆ ಹತ್ತು ಜಾತ್ರೆ ತಿರುಗಿದ ಹುಡುಗನಿಗೆ ಬರುತ್ತದೆ.

ವ್ಯಾಪಾರವನ್ನು ಶಾಲೆಯಲ್ಲಿ ಕಲಿಸಬೇಕು, ಅದಕ್ಕೊಂದು ಪದವಿ ಬೇಕು ಎಂಬ ಮಾತು ಇಪ್ಪತ್ತನೆಯ ಶತಮಾನದ್ದು. ಬೊಂಬಾಯಿಯಲ್ಲಿ ಸಿಡೆನ್‌ಹ್ಯಾಂ ವಾಣಿಜ್ಯ ಕಾಲೇಜು ಶುರುವಾದದ್ದು 1913ರಲ್ಲಿ. ಅದೇ ವರ್ಷ ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಮೈಸೂರು ಬ್ಯಾಂಕ್ ಬಂತು. 1916ರಲ್ಲಿ ವಾಣಿಜ್ಯ ಮಂಡಳಿಯೂ ಮೈಸೂರು ವಿಶ್ವವಿದ್ಯಾನಿಲಯವೂ ಬಂದವು. ಜಪಾನನ್ನು ಕಣ್ಣಾರೆ ಕಂಡು ಬಂದಿದ್ದ ವಿಶ್ವೇಶ್ವರಯ್ಯನವರಿಗೆ ಪದವೀಧರರು ಉದ್ಯಮ ಕಟ್ಟಬೇಕೆಂಬ ಆಸೆ. ನಮ್ಮ ಜನ ಪದವಿಯಿಂದ ಕೇಳಿದ್ದು ಬೇರೆಯದನ್ನು: ಸರ್ಕಾರಿ ಕೆಲಸ. ಆ ಕೆಲಸಗಳೆಲ್ಲ ಯಾರ ಪಾಲಾಗಿವೆ ಎಂಬ ನ್ಯಾಯವಾದ ಪ್ರಶ್ನೆ ಎದ್ದು, 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಆ ವರ್ಷವೇ ವಿಶ್ವೇಶ್ವರಯ್ಯ ದಿವಾನಗಿರಿ ಬಿಟ್ಟರು. ಅವರ ಅಣೆಕಟ್ಟನ್ನು ಆರಾಧಿಸುವ ಮಂಡ್ಯದಲ್ಲಿ ಈ ಅಧ್ಯಾಯದ ಬಗ್ಗೆ ಮಾತು ಕಡಿಮೆ. ಹಳ್ಳಿಯ ಒಕ್ಕಲು ಮಕ್ಕಳಿಗೆ ಕಚೇರಿಯ ಬಾಗಿಲು ತೆರೆಯುವುದು ಮುಖ್ಯವಾಗಿದ್ದ ಹೊತ್ತಿನಲ್ಲಿ ವಾಣಿಜ್ಯ ಪದವಿ ಯಾರಿಗೆ ಬೇಕಿತ್ತು?

ಸಾಹಿತ್ಯದ ಓದುಗರಿಗೆ ಇಲ್ಲೊಂದು ಅಡ್ಡಮಾತು. ಈ ತಾಲ್ಲೂಕುಗಳ ಹಿರಿಯರ ಬದುಕನ್ನು ‘ಡಿಗ್ರಿ ಆದಮೇಲೆ ಮುಂದೇನು’ ಎಂಬ ಕಣ್ಣಿನಿಂದ ನೋಡಿದರೆ ಮಜವಾಗಿದೆ. ಆಗಿನ ಕಾಲದ ಎಂಬಿಎ ಎಂದರೆ ಬಿ.ಎಲ್., ವಕೀಲಿಕೆಯ ಪದವಿ. ನಾಗಮಂಗಲದ ಬೆಳ್ಳೂರಿನ ಮನೆತನದ ಬಿ.ಎಂ. ಶ್ರೀಕಂಠಯ್ಯ ಬಿ.ಎಲ್. ಓದಿಯೂ ಇಂಗ್ಲಿಷ್ ಮೇಷ್ಟರಾದರು. ಅದೇ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಕಾನೂನು ಓದಿ ಆಡಳಿತ ಸೇವೆಗೆ ಹೋದರು, ಜೀವನವಿಡೀ ಜನಪದ ಗೀತೆ ಕೂಡಿಟ್ಟರು. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ಎಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ಗುಮಾಸ್ತರಾದರು. ಮೇಲುಕೋಟೆಯ ಪುತಿನ ಕೂಡ ಸರ್ಕಾರಿ ಕಚೇರಿಯಲ್ಲೇ ದುಡಿದವರು. ಓದಿದ್ದಕ್ಕೂ ಆದದ್ದಕ್ಕೂ ಸಂಬಂಧ ಕಡಿಮೆ. ಇದನ್ನು ತಮ್ಮನಿಗೆ ಹೇಳಿದಾಗ, ‘ಅವ್ರೆಲ್ಲ ಕವಿಗಳು ಕಣಣ್ಣ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದ.

ಎಂಬಿಎ ನಮ್ಮ ಕಡೆಗೆ ಬಂದದ್ದು ತಡವಾಗಿ. ಕಲ್ಕತ್ತೆಯಲ್ಲಿ 1953ರಲ್ಲೇ ವ್ಯವಹಾರ ನಿರ್ವಹಣೆಯ ಸಂಸ್ಥೆ ಶುರುವಾಗಿತ್ತು; 1961ರಲ್ಲಿ ಕಲ್ಕತ್ತೆ, ಅಹಮದಾಬಾದುಗಳಲ್ಲಿ ಐಐಎಂಗಳು ಬಂದವು. ಬೆಂಗಳೂರಿನ ಐಐಎಂ 1973ರದು. ಅದನ್ನು ಕಟ್ಟಿದಾಗ ಇದ್ದ ಉದ್ದೇಶ ಸಾರ್ವಜನಿಕ ವಲಯದ ಉದ್ಯಮಗಳಿಗೆ ನಿರ್ವಾಹಕರನ್ನು ತಯಾರು ಮಾಡುವುದು ಎಂಬುದನ್ನು ಈಗ ಮರೆತೇಬಿಟ್ಟಿದ್ದೇವೆ. ಆ ಉದ್ದೇಶಕ್ಕೆ ನಮ್ಮ ಜಿಲ್ಲೆಗಿಂತ ಒಳ್ಳೆಯ ಜಾಗ ಇರಲಿಲ್ಲ. ಸರ್ಕಾರದ ಬಂಡವಾಳವಿದ್ದ ಮಂಡ್ಯದ ಮೈಷುಗರ್ ಇತ್ತು, ರೈತರೇ ಷೇರುದಾರರಾದ ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ಇತ್ತು. ಆ ಸಹಕಾರಿ ಕಾರ್ಖಾನೆಯನ್ನು ಸರ್ಕಾರ 2020ರಲ್ಲಿ 40 ವರ್ಷದ ಗುತ್ತಿಗೆಗೆ ಖಾಸಗಿಯವರಿಗೆ ಕೊಟ್ಟಿತು. ರೈತನ ಕಾರ್ಖಾನೆಯನ್ನು ನಡೆಸಬಲ್ಲ ರೈತನ ಮಗನನ್ನು ತಯಾರು ಮಾಡುವ ಕೋರ್ಸು ನಮ್ಮಲ್ಲಿ ಹುಟ್ಟಲೇ ಇಲ್ಲ ಎಂದೇ ನನ್ನ ದೂರು. 1991ರ ನಂತರ ಕಾಲೇಜು ಕಾಲೇಜಿನಲ್ಲೂ ಹುಟ್ಟಿದ್ದು ಬೇರೆ ಎಂಬಿಎ. ಬೆಂಗಳೂರಿನ ಬ್ಯಾಂಕು, ವಿಮೆ, ಸಾಲ ವಸೂಲಿ, ಮಾರಾಟದ ಟಾರ್ಗೆಟ್ಟುಗಳಿಗೆ ಹುಡುಗರನ್ನು ಒದಗಿಸುವ ಎಂಬಿಎ.

ಇಷ್ಟೆಲ್ಲ ಓದಿ ಒಂದು ಭಾನುವಾರ ಪಾಂಡವಪುರಕ್ಕೆ ಹೋದೆ. ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು. ತಮ್ಮ ಅಚ್ಚು ಬೆಲ್ಲದ ಲೆಕ್ಕ ಬರೆಯುತ್ತಿದ್ದ. ನನಗೆ ತೋಚಿದ್ದನ್ನು ಹೇಳಿದೆ: ಅರ್ಜಿ ಹಾಕು, ಪರೀಕ್ಷೆ ಬರೆ, ರ್‍ಯಾಂಕಿನ ಮೇಲೆ ಸರ್ಕಾರಿ ಸೀಟು ಸಿಕ್ಕರೆ ಹೋಗು, ಸಿಗದಿದ್ದರೆ ಎರಡು ವರ್ಷ ಎಲ್ಲಾದರೂ ಕೆಲಸ ಮಾಡಿ ಆಮೇಲೆ ನೋಡು, ಭೂಮಿ ಮಾರಿ ಮಾತ್ರ ಬೇಡ. ಅವನಿಗೆ ಅದು ಅಷ್ಟು ರುಚಿಸಲಿಲ್ಲ. ಜೊತೆಯವರೆಲ್ಲ ಈ ವರ್ಷವೇ ಸೇರುತ್ತಿದ್ದಾರೆ, ಎರಡು ವರ್ಷ ಬಿಟ್ಟರೆ ಓದಿನ ರೂಢಿ ತಪ್ಪುತ್ತದೆ ಎಂದ. ಅದೂ ನಿಜವೇ.

ಚಿಕ್ಕಪ್ಪ ಅಲ್ಲಿಯವರೆಗೂ ಒಲೆಗೆ ಸಿಪ್ಪೆ ಒಟ್ಟುತ್ತ ಕೇಳಿಸಿಕೊಳ್ಳುತ್ತಿದ್ದ. ಮಗ ಫೋನಿನಲ್ಲಿ ಕೇಳಿದ್ದ ಟಿಪ್ಪುವಿನ ಕಥೆಯನ್ನು ಅವನಿಗೆ ಆಗಲೇ ಹೇಳಿದ್ದನಂತೆ. ‘ಅಲ್ಲ ಕಣಪ್ಪ, ಆ ಸುಲ್ತಾನನ ಹತ್ರ ಐನೂರು ಇಟ್ಟೋರ್ಗೆ ದುಡ್ಡು ವಾಪಸ್ ಬಂತಾ?’ ಎಂದು ಕೇಳಿದ.

‘ನಿಯಮ ಬರೆದ ಐದಾರು ವರ್ಷಕ್ಕೆ ಕೋಟೆನೇ ಬಿತ್ತು ಚಿಕ್ಕಪ್ಪ’ ಎಂದೆ.

ಚಿಕ್ಕಪ್ಪ ‘ಹೂಂ’ ಅಂದು, ಪಾಕ ನೋಡಲು ಎದ್ದು ಹೋದ. ಅರ್ಜಿಯನ್ನು ಅವತ್ತು ಸಂಜೆಯೇ ಶ್ರೀರಂಗಪಟ್ಟಣದ ಸೈಬರ್ ಸೆಂಟರಿನಲ್ಲಿ ನಾವಿಬ್ಬರೂ ಕೂತು ತುಂಬಿದೆವು.